ಬೋಟಿನ ಸಿಓ2 ಸಿಲಿಂಡರ್ ಮನೆಗೆ ತಂದಿದ್ದೇನೆ, ಏನೇನು ನೋಡಬೇಕು? ಅನುಭವ ಇದ್ದವರು ಹೇಳಿ

ಸುಂಟಿಕೊಪ್ಪದಿಂದ, ಕೇಳುತ್ತಿರುವವನು:

ನಮಸ್ಕಾರ. ಮಂಗಳೂರಲ್ಲಿ ಭಾವನ ಜೊತೆ ಪಾಲಿನಲ್ಲಿ ಒಂದು ಹಳೇ ಮರದ ಬೋಟ್ ತಗೊಂಡಿದ್ದೇವೆ. ಡೀಸೆಲ್ ಇಂಜಿನ್. ಮಳೆಗಾಲ ಮುಗಿದ ಮೇಲೆ ಪ್ರವಾಸಿಗರನ್ನು ಕರೆದುಕೊಂಡು ಹೋಗುವ ಯೋಚನೆ. ಈಗ ದಡಕ್ಕೆ ಎಳೆದು ಹಾಕಿದೆ. ಇಂಜಿನ್ ರೂಮಿಗೆ ಹಿಂದಿನ ಮಾಲೀಕರು ಹಾಕಿಸಿದ, ಬೆಂಕಿ ಆರಿಸುವ ಸಿಓ2 (ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ಸಿಸ್ಟಂ ಇದೆ. 9 ಕೆಜಿಯ ಎರಡು ಸಿಲಿಂಡರ್, ಮೇಲೆ ಸ್ಟೀರಿಂಗ್ ಹತ್ತಿರ ಒಂದು ಎಳೆಯುವ ಹಿಡಿ, ಅಲ್ಲಿಂದ ಕೆಳಗೆ ಕೇಬಲ್. ಸರ್ವಿಸ್ ಮಾಡಿಸಿದ ಚೀಟಿ ಯಾವುದೂ ಇಲ್ಲ, ಸಿಲಿಂಡರಿಗೆ ಮೀಟರೂ ಇಲ್ಲ. ಬೋಟಿನ ಮೆಕ್ಯಾನಿಕ್ ಎರಡನ್ನೂ ಬಿಚ್ಚಿ ವಾಲ್ವಿಗೆ ರಕ್ಷಣೆಯ ಮುಚ್ಚಳ (ಟೋಪಿ) ಹಾಕಿ ಕೊಟ್ಟ, ಜೀಪಲ್ಲಿ ತಂದು ಕಾಫಿ ಗೋಡೌನಲ್ಲಿ ನಿಲ್ಲಿಸಿದ್ದೇನೆ. ಇಂಜಿನ್ ರೂಮ್ ಒಳಗೆ 4 ಮೀಟರ್ ಉದ್ದ, 3.2 ಅಗಲ, 1.8 ಎತ್ತರ. ಒಳಗೆ ಗ್ಯಾಸ್ ಇದೆಯೋ ಇಲ್ಲವೋ ಗೊತ್ತಾಗೋದು ಹೇಗೆ? ಸುಮ್ನೆ ಹೊಸದು ಹಾಕಿಸೋದೇ ವಾಸಿನಾ?

ವಿರಾಜಪೇಟೆಯಿಂದ, ಹಡಗಿನ ಇಂಜಿನ್ ರೂಮಲ್ಲಿ ಕೆಲಸ ಮಾಡಿ ರಿಟೈರ್ ಆದವನು:

ಮೀಟರ್ ಇಲ್ಲ ಅಂತ ಬೇಜಾರು ಮಾಡ್ಕೋಬೇಡಿ, ಇದ್ದಿದ್ದರೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಸಿಓ2 ಒಳಗೆ ದ್ರವವಾಗಿ ಇರುತ್ತದೆ, ಮೇಲೆ ಒಂಚೂರು ಗ್ಯಾಸ್. 20 ಡಿಗ್ರಿಯಲ್ಲಿ ಒತ್ತಡ ಸುಮಾರು 57 ಬಾರ್. ಅರ್ಧ ಸೋರಿ ಹೋದರೂ ಅದೇ 57 ಬಾರ್. ಅಡುಗೆ ಗ್ಯಾಸ್ ಥರ, ಖಾಲಿ ಆಗುವ ದಿನದವರೆಗೂ ಉರಿ ಚೆನ್ನಾಗೇ ಇರುತ್ತದೆ. ಇನ್ನು 31 ಡಿಗ್ರಿ ದಾಟಿತು ಅಂದರೆ ಒಳಗೆ ದ್ರವ ಬೇರೆ, ಗ್ಯಾಸ್ ಬೇರೆ ಅಂತ ಉಳಿಯೋದೇ ಇಲ್ಲ. ಆಗ ನಾವು ಹಡಗಲ್ಲಿ ಹೊರಗಿಂದ ಮಟ್ಟ ನೋಡಲು ಬಳಸುವ ಅಲ್ಟ್ರಾಸಾನಿಕ್ ಮೀಟರ್ ಕೂಡ ಕೈಕೊಡುತ್ತದೆ. ಮಂಗಳೂರಿನ ಏಪ್ರಿಲ್ ಬಿಸಿಲಲ್ಲಿ ಅದನ್ನು ಹಿಡಿದು ಓಡಾಡುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಹಾಗಾಗಿ ತೂಕ ಒಂದೇ ದಾರಿ. ನಿಮ್ಮ ಗೋಡೌನಲ್ಲಿ ಕಾಫಿ ಮೂಟೆ ತೂಗುವ ಡಿಜಿಟಲ್ ಸ್ಕೇಲ್ ಇದೆ ಅಲ್ವಾ? ಅದೇ ಸಾಕು, 9 ಕೆಜಿಯ ಸಿಲಿಂಡರಿಗೆ 50 ಗ್ರಾಂ ಆಚೀಚೆ ಆದರೆ ತೊಂದರೆ ಇಲ್ಲ. ಕೊಕ್ಕೆಗೆ ನೇತು ಹಾಕುವ ಸ್ಪ್ರಿಂಗ್ ತಕ್ಕಡಿ ಬೇಡ. ಸಿಲಿಂಡರಿನ ಭುಜದ ಮೇಲೆ ಖಾಲಿ ತೂಕ ಕೊರೆದಿರುತ್ತದೆ, ಪೇಂಟ್ ಬಳಿದು ಮುಚ್ಚಿಹೋಗಿದ್ದರೆ ತಂತಿ ಬ್ರಷ್ಷಲ್ಲಿ ಮೆಲ್ಲಗೆ ಉಜ್ಜಿ. ಆ ತೂಕದಲ್ಲಿ ವಾಲ್ವ್, ಒಳಗಿನ ಕೊಳವೆ ಸೇರಿರುತ್ತದೆ, ಟೋಪಿ ಸೇರಿರಲ್ಲ. ಟೋಪಿ ಬಿಚ್ಚಿ ತೂಗೋಕೆ ಹೋಗಬೇಡಿ, ಹಾಕಿಯೇ ತೂಗಿ. ಆಮೇಲೆ ಅಂಥದ್ದೇ ಟೋಪಿಯ ತೂಕ ಕೇಳಿ ತಿಳಿದು ಕಳೆಯಿರಿ. ಅದನ್ನು ಮರೆತರೆ ಇಲ್ಲದ ಗ್ಯಾಸ್ ಇದೆ ಅಂತ ಲೆಕ್ಕ ಬರುತ್ತದೆ. ತುಂಬಿಸಿದ ಗ್ಯಾಸಲ್ಲಿ 10 ಶೇಕಡಾಕ್ಕಿಂತ ಜಾಸ್ತಿ ಕಮ್ಮಿ ಆಗಿದ್ದರೆ ಮತ್ತೆ ತುಂಬಿಸಬೇಕು. 9 ಕೆಜಿಗೆ 900 ಗ್ರಾಂ.

ಈಗ ನಿಮ್ಮ ರೂಮಿಗೆ ಎಷ್ಟು ಬೇಕು ನೋಡೋಣ. 4, 3.2, 1.8 ಗುಣಿಸಿದರೆ 23 ಘನ ಮೀಟರ್. ಹಡಗಿನ ಇಂಜಿನ್ ರೂಮಿಗೆ ಅದರ 40 ಶೇಕಡಾ ಗ್ಯಾಸ್ ತುಂಬಬೇಕು ಅನ್ನೋದು ಲೆಕ್ಕ, ಅಂದರೆ 9.2 ಘನ ಮೀಟರ್. ಒಂದು ಕೆಜಿ ಸಿಓ2 ಬಿಟ್ಟರೆ 0.56 ಘನ ಮೀಟರ್ ಗ್ಯಾಸ್ ಅಂತ ಹಿಡಿಯುತ್ತೇವೆ. ಹತ್ತಿರ ಹತ್ತಿರ 16.5 ಕೆಜಿ ಬೇಕು. ನಿಮ್ಮ ಹತ್ತಿರ 18 ಇದೆ, ಅದೂ ಎರಡೂ ತುಂಬಿದ್ದರೆ. ಹಾಕಿಸಿದವರು ಸರಿಯಾಗೇ ಲೆಕ್ಕ ಹಾಕಿದ್ದಾರೆ, ಆದರೆ ಕೈಬಿಚ್ಚಿ ಕೊಟ್ಟಿಲ್ಲ.

ಸೋಮವಾರಪೇಟೆಯಿಂದ:

ನಂಗೆ ಬೋಟ್ ಗೊತ್ತಿಲ್ಲ, ಪಲ್ಪರ್ ಮನೆಯ ಜನರೇಟರ್ ರೂಮಿಗೆ ಇಂಥದ್ದೇ ಚಿಕ್ಕದು ಹಾಕಿಸಿದ್ದೆವು. ಗ್ಯಾಸ್ ಹೊರಗೆ ಬರುವ ನಳಿಕೆಯ ಬಾಯಿ ನೋಡಿ ಅಂತ ಹೇಳೋಕೆ ಬಂದೆ. ನಮ್ಮದರಲ್ಲಿ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿತ್ತು, ಒಡೆದರೆ ಒಳಗೆ ಜೇಡದ ಮರಿಗಳು ಸಾಲಾಗಿ. ಹೊರಗಿಂದ ನೋಡಿದರೆ ಪೇಂಟ್ ಗಂಟು ಅನ್ನಿಸುತ್ತಿತ್ತು ಅಷ್ಟೇ. ಬೋಟ್ ದಡದಲ್ಲಿ ಸುಮ್ನೆ ನಿಂತಿದ್ದರೆ ಗ್ಯಾರಂಟಿ ಕಟ್ಟಿರುತ್ತದೆ.

ವಿರಾಜಪೇಟೆ:

ಒಳ್ಳೇ ಮಾತು. ಸಿಲಿಂಡರ್ ಈಗ ಹೊರಗೆ ಇರೋದ್ರಿಂದ ಪೈಪಿಗೆ ಒಣ ಗಾಳಿ ಊದಿ ಪ್ರತಿ ನಳಿಕೆಯಲ್ಲೂ ಬರುತ್ತಾ ನೋಡಲು ಇದೇ ಸಮಯ. ಬಾಯಿಗೆ ಒದ್ದೆ ಬಟ್ಟೆ ಹಿಡಿದರೆ ಸಾಕು, ಉಬ್ಬಬೇಕು. ಪಂಚರ್ ಅಂಗಡಿ ಕಂಪ್ರೆಸರಲ್ಲಿ ನೀರು ಬರುತ್ತದೆ, ಅದನ್ನು ಊದಬೇಡಿ.

ಕುಶಾಲನಗರದಿಂದ, ಅಗ್ನಿಶಾಮಕ ಸಿಲಿಂಡರ್ ಸರ್ವಿಸ್ ಕೆಲಸದವನು:

ತೂಕಕ್ಕೆ ಮೊದಲು ತಾರೀಕು ನೋಡಿ. ಭುಜದ ಮೇಲೆ ಪ್ರೆಷರ್ ಟೆಸ್ಟ್ ಮಾಡಿದ ತಿಂಗಳು, ವರ್ಷ ಹೊಡೆದಿರುತ್ತಾರೆ. ಅವಧಿ ದಾಟಿದ ಸಿಲಿಂಡರನ್ನು ಕಾನೂನು ಪ್ರಕಾರ ಯಾರೂ ತುಂಬಿಸಬಾರದು. ಕೈಯಲ್ಲಿ ಹಿಡಿಯುವ ಸಿಓ2ಗೆ 5 ವರ್ಷಕ್ಕೊಮ್ಮೆ ಟೆಸ್ಟ್. ನಿಮ್ಮದಕ್ಕೆ ಚೀಟಿಯೇ ಇಲ್ಲ ಅಂದ ಮೇಲೆ ಟೆಸ್ಟ್ ಮಾಡಿಸಿಯೇ ತುಂಬಿಸಿ ಅಂತೀನಿ ನಾನು. ತುಂಬಿಸುವ ಜಾಗಕ್ಕೆ ಪೆಸೋ ಲೈಸೆನ್ಸ್ ಇದೆಯಾ ಕೇಳಿ, ನಾಗಪುರದಲ್ಲಿ ಹೆಡ್ ಆಫೀಸ್ ಇರುವ ಕೇಂದ್ರ ಸರ್ಕಾರದ ಇಲಾಖೆ ಅದು. ಸೋಡಾ ಫ್ಯಾಕ್ಟರಿಗೆ ಗ್ಯಾಸ್ ಕೊಡುವವನು ಕಮ್ಮಿಗೆ ತುಂಬಿಸಿ ಕೊಡ್ತೀನಿ ಅಂದರೆ ಒಪ್ಪಬೇಡಿ. ಅಲ್ಲಿ ತೇವ ಎಷ್ಟಿದೆ ಯಾರಿಗೆ ಗೊತ್ತು, ತೂಕ ಮೀರಿ ತುಂಬಿಸಿದರಂತೂ ಮುಗೀತು. ಇಲ್ಲಿ ಮಡಿಕೇರಿ ಚಳಿಯಲ್ಲಿ ಸುಮ್ಮನಿದ್ದ ಸಿಲಿಂಡರ್ ಇಂಜಿನ್ ರೂಮಿನ ಬಿಸಿಗೆ ಒತ್ತಡ ಏರಿಸಿಕೊಂಡು ಸೇಫ್ಟಿ ಡಿಸ್ಕ್ ಹರಿದು ಎಲ್ಲ ಹೊರಗೆ ಬಿಡುತ್ತದೆ. ನಮ್ಮಂಥ ಬಿಸಿ ದೇಶದಲ್ಲಿ ಸಿಲಿಂಡರ್ ಹಿಡಿಸುವ ನೀರಿನ ತೂಕದ ಮೂರರಲ್ಲಿ ಎರಡು ಭಾಗದಷ್ಟೇ ತುಂಬಿಸೋದು.

ಇನ್ನೊಂದು, ತಳ ನೋಡಿ. ಬೋಟಲ್ಲಿ ರಬ್ಬರ್ ಮ್ಯಾಟ್ ಮೇಲೆ ನಿಲ್ಲಿಸಿರುತ್ತಾರೆ, ಅದರಡಿ ಉಪ್ಪು ನೀರು ನಿಂತು ಕೆಳಗಿಂದ ತಿನ್ನುತ್ತದೆ. ಮೇಲೆ ಕೆಂಪು ಪೇಂಟ್ ಹೊಸದಾಗಿ ಹೊಳೀತಿರುತ್ತದೆ, ಮಲಗಿಸಿ ನೋಡಿದರೆ ತಳದ ಸುತ್ತ ಉಗುರಲ್ಲಿ ಕೆರೆದರೆ ಪದರ ಪದರ ಬರುತ್ತದೆ. ಕ್ಲ್ಯಾಂಪ್ ಪಟ್ಟಿ ಕೂರುತ್ತಿದ್ದ ಜಾಗವೂ ಹಾಗೇ. ಮತ್ತೆ ಗೋಡೌನಲ್ಲಿ ಎಲ್ಲಿ ಇಟ್ಟಿದ್ದೀರಿ? ಈಗ ಕಾಫಿಗೆ ಬೋರ್ಡೋ ಔಷಧಿ ಸಿಂಪಡಿಸುವ ಕಾಲ, ಮೈಲುತುತ್ತದ ಚೀಲ ಪಕ್ಕದಲ್ಲಿ ಇಲ್ಲ ತಾನೆ? ಅದರ ನೀರು ತಾಗಿದರೆ ಕಬ್ಬಿಣ ತಿಂದುಹಾಕುತ್ತದೆ. ಗೊಬ್ಬರದ ಹತ್ತಿರವೂ ಬೇಡ.

ಸುಂಟಿಕೊಪ್ಪ:

ಮೈಲುತುತ್ತ ಆ ಕಡೆ ಗೋಡೆಗೆ ಇದೆ, ಆದರೂ ಸಿಲಿಂಡರನ್ನು ಹಲಗೆ ಮೇಲೆ ಬೇರೆ ಮೂಲೆಗೆ ಇಟ್ಟೆ. ಟೋಪಿಯ ತೂಕ ಕಳೆದು ಸಿಕ್ಕ ಲೆಕ್ಕ ಹೀಗಿದೆ. ಎರಡರ ಮೇಲೂ ಖಾಲಿ ತೂಕ 21.4. ಒಂದು 29.9 ತೋರಿಸಿತು, ಇನ್ನೊಂದು 28.9.

ವಿರಾಜಪೇಟೆ:

ತುಂಬಿದ್ದರೆ 30.4 ಇರಬೇಕು. ಮೊದಲನೆಯದು ಅರ್ಧ ಕೆಜಿ ಕಮ್ಮಿ, ಅದು ನಡೆಯುತ್ತದೆ. ಎರಡನೆಯದು ಒಂದೂವರೆ ಕೆಜಿ, 16 ಶೇಕಡಾ ದಾಟಿತು. ಒಟ್ಟು 16 ಕೆಜಿ ಉಳಿದಿದೆ, ಬೇಕಿರೋದು 16.5. ಅಂದರೆ ಹೋದ ಸೀಸನ್ನಲ್ಲಿ ಬೆಂಕಿ ಬಿದ್ದಿದ್ದರೆ ಆರುತ್ತಿತ್ತೋ ಇಲ್ಲವೋ ಹೇಳೋಕಾಗಲ್ಲ. ಎರಡನೆಯದರ ವಾಲ್ವ್ ಸುತ್ತ ಸೋಪಿನ ನೊರೆ ಹಚ್ಚಿ ನೋಡಿ, ನಿಧಾನವಾಗಿ ಗುಳ್ಳೆ ಏಳುತ್ತಾ ಅಂತ. ಎದ್ದರೆ ವಾಲ್ವಿಗೂ ಕೆಲಸ ಇದೆ, ಬರೀ ಗ್ಯಾಸ್ ತುಂಬಿಸಿದರೆ ಮುಂದಿನ ವರ್ಷ ಇದೇ ಕಥೆ.

ಪೊನ್ನಂಪೇಟೆಯಿಂದ, ನೌಕಾಪಡೆಯಲ್ಲಿದ್ದವನು:

ಎಲ್ಲರೂ ಸಿಲಿಂಡರ್ ಬಗ್ಗೆ ಹೇಳಿದ್ದೀರಿ, ಮನುಷ್ಯರ ಬಗ್ಗೆ ಯಾರೂ ಹೇಳಿಲ್ಲ. ಬೆಂಕಿ ಆರಿಸಲು 34, 40 ಶೇಕಡಾ ತುಂಬಿಸುತ್ತೇವೆ. 10 ಶೇಕಡಾಕ್ಕೇ ಕೆಲವೇ ನಿಮಿಷದಲ್ಲಿ ಪ್ರಜ್ಞೆ ಹೋಗುತ್ತದೆ. 2019ರ ಮೇ ತಿಂಗಳಲ್ಲಿ ಚೀನಾದ ಶಾಂಡಾಂಗ್‌ನಲ್ಲಿ ರಿಪೇರಿಗೆ ನಿಂತಿದ್ದ ಒಂದು ಸರಕು ಹಡಗಲ್ಲಿ ಸಿಓ2 ಬಿಟ್ಟುಕೊಂಡು 10 ಜನ ಸತ್ತರು. ಬೆಂಕಿ ಇರಲೇ ಇಲ್ಲ.

ಅದಕ್ಕೇ ದೊಡ್ಡ ಹಡಗಲ್ಲಿ ಎರಡು ಬೇರೆ ಬೇರೆ ಹಿಡಿ ಎಳೆಯಬೇಕು, ಮೊದಲು ಸೈರನ್ ಕೂಗಬೇಕು, ಗ್ಯಾಸ್ ಬರುವ ಮುಂಚೆ ಕನಿಷ್ಠ 20 ಸೆಕೆಂಡ್ ಸಮಯ ಇರಬೇಕು. ಸಿಲಿಂಡರ್ ಇಂಜಿನ್ ರೂಮಿನ ಹೊರಗೆ ಬೇರೆ ಕೋಣೆಯಲ್ಲಿರುತ್ತದೆ. ನಿಮ್ಮ ಬೋಟಲ್ಲಿ ಒಂದೇ ಹಿಡಿ. ಪ್ರವಾಸಿಗರ ಮಗು ಬಂದು ಜಗ್ಗಿದರೆ? ಕೆಳಗೆ ಮೆಕ್ಯಾನಿಕ್ ಇದ್ದರೆ? ಹಿಡಿಗೆ ಗಾಜಿನ ಮುಚ್ಚಳದ ಪೆಟ್ಟಿಗೆ, ಸೈರನ್, ತಡ ಮಾಡಿ ಬಿಡುವ ವಾಲ್ವ್ ಹಾಕಿಸಿ. ಸಿಲಿಂಡರನ್ನು ರೂಮಿಂದ ಆಚೆ ತರೋಕಾದರೆ ತನ್ನಿ.

ಇಂಜಿನ್ ನಿಲ್ಲಿಸದೆ ಬಿಟ್ಟರೆ ಗ್ಯಾಸನ್ನು ಇಂಜಿನ್ನೇ ಎಳೆದು ಹೊಗೆಯ ಜೊತೆ ಹೊರಗೆ ಹಾಕುತ್ತದೆ. ಹಾಗಾಗಿ ಜನ ಹೊರಗೆ, ಇಂಜಿನ್ ಬಂದ್, ಡೀಸೆಲ್ ಬಂದ್, ಬ್ಲೋವರ್ ಬಂದ್, ಗಾಳಿ ಕಿಂಡಿ ಮುಚ್ಚು, ಆಮೇಲೆ ಹಿಡಿ. ಎಳೆದ ಮೇಲೆ ಹ್ಯಾಚ್ ತೆರೆದು ಇಣುಕಬಾರದು. ಸಿಓ2 ಬೆಂಕಿಯ ಉಸಿರು ಕಟ್ಟಿಸುತ್ತದೆ ಅಷ್ಟೇ, ತಣ್ಣಗೆ ಮಾಡಲ್ಲ. ಕಾದ ಕಬ್ಬಿಣಕ್ಕೆ ಗಾಳಿ ತಾಗಿದರೆ ಮತ್ತೆ ಹೊತ್ತಿಕೊಳ್ಳುತ್ತದೆ.

ಸುಂಟಿಕೊಪ್ಪ:

ಆಮೇಲೆ ಒಳಗೆ ಹೋಗೋಕೆ ಸರಿ ಇದೆಯಾ ಅಂತ ಹೇಗೆ ನೋಡೋದು? ಹಳೇ ಬಾವಿಗೆ ಇಳಿಯುವ ಮುಂಚೆ ದೀಪ ಬಿಡ್ತೀವಲ್ಲ, ಹಾಗೆ ಮಾಡಬಹುದಾ?

ಪೊನ್ನಂಪೇಟೆ:

ಬೇಡ ಮಾರಾಯ್ರೇ. ದೀಪ ಉರೀತಾ ಇರುವಾಗಲೇ ಮನುಷ್ಯ ಬಿದ್ದುಬಿಡಬಹುದು. ಆಕ್ಸಿಜನ್ ಮೀಟರ್ ಒಂದನ್ನೇ ನಂಬೋದೂ ತಪ್ಪು. ಲೆಕ್ಕ ಹಾಕಿ, ಗಾಳಿಗೆ 5 ಶೇಕಡಾ ಸಿಓ2 ಸೇರಿದರೂ ಆಕ್ಸಿಜನ್ 20.9ರಿಂದ 19.8ರ ಹತ್ತಿರಕ್ಕೆ ಇಳಿಯುತ್ತದೆ ಅಷ್ಟೇ. ಮೀಟರ್ ಕೂಗೋದು 19.5ಕ್ಕೆ. ಅಷ್ಟರಲ್ಲಿ 4 ಶೇಕಡಾ ಅನ್ನುವ ಜೀವಕ್ಕೆ ಅಪಾಯದ ಗೆರೆ ದಾಟಿ ಆಗಿರುತ್ತದೆ. ಸಿಓ2 ಅಳೆಯುವ ಮೀಟರೇ ಬೇಕು. ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬೋಟಿನ ತಳದಲ್ಲಿ ಕೂತಿರುತ್ತದೆ. ಮೀಟರನ್ನು ಹಗ್ಗಕ್ಕೆ ಕಟ್ಟಿ ತಳದವರೆಗೂ ಇಳಿಸಿ ನೋಡಿ, ಬ್ಲೋವರ್ ಪೈಪನ್ನೂ ತಳಕ್ಕೇ ಬಿಡಿ.

ಕುಶಾಲನಗರ:

ಇದೇ ಕಾರಣಕ್ಕೆ ಸಿಲಿಂಡರ್ ಕೊಡೋಕೆ ಬರುವಾಗ ಕಾರಿನ ಗ್ಲಾಸ್ ಮುಚ್ಚಿ ಡಿಕ್ಕಿಯಲ್ಲಿ ತರಬೇಡಿ. 9 ಕೆಜಿ ಬಿಟ್ಟುಕೊಂಡರೆ 5 ಘನ ಮೀಟರ್ ಗ್ಯಾಸ್, ಇಡೀ ಕಾರಿನ ಒಳಗಿಗಿಂತ ಜಾಸ್ತಿ. ತೆರೆದ ಜೀಪ್ ಅಥವಾ ಪಿಕಪ್, ನಿಲ್ಲಿಸಿ ಕಟ್ಟಿ, ಟೋಪಿ ಹಾಕಿ.

ಗೋಣಿಕೊಪ್ಪದಿಂದ:

ಇಷ್ಟೆಲ್ಲ ಕೇಳಿದ ಮೇಲೆ ನಾನಾಗಿದ್ದರೆ ಸಿಓ2 ತೆಗೆದು ಈಗ ಬರುವ ಕ್ಲೀನ್ ಗ್ಯಾಸ್ ಸಿಸ್ಟಂ ಹಾಕಿಸುತ್ತಿದ್ದೆ. ಎಚ್‌ಎಫ್‌ಸಿ-227ಇಎ, ಎಫ್‌ಕೆ-5-1-12 ಅಂತ ಬರುತ್ತವಲ್ಲ. ಆರಿಸೋಕೆ ಬೇಕಾದಷ್ಟು ಪ್ರಮಾಣದಲ್ಲಿ ಉಸಿರು ಕಟ್ಟಲ್ಲ.

ವಿರಾಜಪೇಟೆ:

ಸಣ್ಣ ಬೋಟಿಗೆ, ಅದೂ ಜನ ಕೂರುವ ಜಾಗದ ಕೆಳಗೇ ಇಂಜಿನ್ ಇದ್ದರೆ, ಅದು ನನಗೂ ಒಪ್ಪಿಗೆ. ಆದರೆ ಆ ಗ್ಯಾಸ್ ಬೆಂಕಿಗೆ ಬಿದ್ದಾಗ ಆಗುವ ಆಸಿಡ್ ಹೊಗೆ ಒಳ್ಳೇದಲ್ಲ, ಆಗಲೂ ರೂಮಲ್ಲಿ ಯಾರೂ ಇರಬಾರದು. ಬೆಲೆ ಜಾಸ್ತಿ, ಮತ್ತೆ ತುಂಬಿಸೋಕೆ ಎಲ್ಲಿಗೆ ಕಳಿಸಬೇಕು ಅಂತ ಮೊದಲೇ ಕೇಳಿಕೊಳ್ಳಿ. ಸಿಓ2 ಇಟ್ಟುಕೊಳ್ಳೋದಾದರೆ ಪೊನ್ನಂಪೇಟೆಯವರು ಹೇಳಿದ್ದು ಮಾಡಿಸದೆ ಪ್ರವಾಸಿಗರನ್ನು ಹತ್ತಿಸಬೇಡಿ. ಇನ್‌ಲ್ಯಾಂಡ್ ವೆಸೆಲ್ಸ್ ಕಾಯ್ದೆ 2021ರ ಪ್ರಕಾರ ನದಿಯಲ್ಲಿ ಓಡಿಸುವ ಇಂಜಿನ್ ಬೋಟಿಗೆ ಸರ್ವೆ (ಬೋಟಿನ ತಪಾಸಣೆ) ಬೇಕೇ ಬೇಕು, ಸರ್ವೇಯರ್ ಇದನ್ನೂ ಕೇಳುತ್ತಾರೆ. ಯಾವುದು ಹಾಕಿಸಿದರೂ ಅವರನ್ನು ಕೇಳಿಯೇ ಹಾಕಿಸಿ.

ವಾಪಸ್ ಜೋಡಿಸುವಾಗಿನ ಮಾತು ಬಾಕಿ ಇದೆ. ಕೇಬಲ್ ಮೊದಲು, ಸಿಲಿಂಡರ್ ಆಮೇಲೆ. ಹೆಡ್‌ಗಳು (ಹಿಡಿ ಎಳೆದಾಗ ಸೂಜಿ ಹೊರಗೆ ಚಾಚಿ ಸಿಲಿಂಡರಿನ ಗ್ಯಾಸ್ ಬಿಡಿಸುವ ಭಾಗಗಳು) ಸಿಲಿಂಡರಿಗೆ ಜೋಡಿಸದೆ ಬೇರೆ ನೇತಾಡುತ್ತಿರುವಾಗಲೇ ಮೇಲಿಂದ ಒಬ್ಬರು ಹಿಡಿ ಎಳೀಲಿ, ಕೆಳಗೆ ಇನ್ನೊಬ್ಬರು ಎರಡು ಹೆಡ್ಡಿನ ಸೂಜಿಯೂ ಪೂರ್ತಿ ಹೊರಗೆ ಬಂತಾ ನೋಡಲಿ. ಉಪ್ಪು ಗಾಳಿಗೆ ಕೇಬಲ್ ಕೊಳವೆಯ ತಿರುವಲ್ಲಿ ತುಕ್ಕು ಹಿಡಿದು ಬಿಗಿಯಾಗಿರುತ್ತದೆ. ಆಮೇಲೆ ಹೆಡ್ಡನ್ನು ಮತ್ತೆ ಮೊದಲಿನ ಜಾಗಕ್ಕೆ ತಿರುಗಿಸಿ ಸೂಜಿ ಒಳಗೆ ಹೋಗಿದ್ದನ್ನು ಕಣ್ಣಾರೆ ನೋಡಿ, ಪಿನ್ ಹಾಕಿ. ಸಿಲಿಂಡರ್ ನೆಟ್ಟಗೆ ನಿಲ್ಲಿಸಿ, ಕ್ಲ್ಯಾಂಪ್ ಬಿಗಿದು, ಪೈಪ್ ಜೋಡಿಸಿ, ಹೆಡ್ ಕಟ್ಟಕಡೆಗೆ. ಸೂಜಿ ಹೊರಗೆ ಇರುವಾಗ ಹೆಡ್ ಕೂರಿಸಿದರೆ ಆ ಕ್ಷಣವೇ ಗ್ಯಾಸ್ ಬಿಡುತ್ತದೆ, ಕೂರಿಸುತ್ತಿರುವವನು ಒಳಗೇ ಇರುತ್ತಾನೆ. ಈ ಒಂದು ಕೆಲಸ ನೀವು ಮಾಡೋಕೆ ಹೋಗಬೇಡಿ, ಭಾವನಿಗೂ ಬಿಡಬೇಡಿ. ಹ್ಯಾಚ್ ತೆರೆದಿಟ್ಟು, ಬ್ಲೋವರ್ ಹಾಕಿ, ಇದೇ ಕೆಲಸ ಮಾಡುವವರ ಕೈಯಲ್ಲಿ ಮಾಡಿಸಿ, ತೂಕ ಮತ್ತು ತಾರೀಕು ಬರೆದ ಚೀಟಿ ಪ್ರತಿ ಸಿಲಿಂಡರಿಗೂ ಕಟ್ಟಿಸಿಕೊಳ್ಳಿ.