ಈಮ್ಯಾಕ್ಸ್ ಒಳಗೆ ಮಿನಿಕಾಮ್ ಓಡಿಸಲು ಆಗುತ್ತಿಲ್ಲ

ಪ್ರಶ್ನೆ

ನಮಸ್ಕಾರ. ಲಿನಕ್ಸ್ ಅಳವಡಿಸಿದ ಒಂದು ಪುಟ್ಟ ಬೋರ್ಡಿನ ಸೀರಿಯಲ್ ಕನ್ಸೋಲನ್ನು (ತಂತಿಯ ಮೇಲೆ ಅಕ್ಷರಗಳನ್ನು ಕಳುಹಿಸಿ, ಪಡೆದು ಬೋರ್ಡನ್ನು ನಿಯಂತ್ರಿಸುವ ದಾರಿಯನ್ನು) ಯುಎಸ್‌ಬಿ ಅಡಾಪ್ಟರ್ ಮೂಲಕ ನನ್ನ ಡೆಬಿಯನ್ ಕಂಪ್ಯೂಟರಿಗೆ ಜೋಡಿಸಿದ್ದೇನೆ. ಬೋರ್ಡಿಗೆ ಹೋಗಿರುವುದು ಟಿಎಕ್ಸ್ (ಕಳುಹಿಸುವುದು), ಆರ್‌ಎಕ್ಸ್ (ಪಡೆಯುವುದು) ಮತ್ತು ಗ್ರೌಂಡ್ ಎಂಬ ಮೂರೇ ತಂತಿಗಳು, ವೇಗ ಸೆಕೆಂಡಿಗೆ 115200 ಬಿಟ್. ಮಾಮೂಲಿ ಟರ್ಮಿನಲ್ ಕಿಟಕಿಯಲ್ಲಿ ‘ಸುಡೋ ಮಿನಿಕಾಮ್ ಬೋರ್ಡ್’ ಎಂದು ಕೊಟ್ಟರೆ ಎಲ್ಲವೂ ಸರಿಯಾಗಿ ನಡೆಯುತ್ತದೆ; ಇಲ್ಲಿ ‘ಸುಡೋ’ ಎಂದರೆ ಆಡಳಿತಗಾರರ ಅಧಿಕಾರದಿಂದ ಓಡಿಸು ಎಂದು, ‘ಮಿನಿಕಾಮ್’ ಎಂಬುದು ಸೀರಿಯಲ್ ಪೋರ್ಟ್ ಮೂಲಕ ಮಾತನಾಡುವ ಪ್ರೋಗ್ರಾಂ, ‘ಬೋರ್ಡ್’ ಎಂಬುದು ಹಿಂದೆ ಉಳಿಸಿಟ್ಟ ಸೆಟ್ಟಿಂಗಿನ ಹೆಸರು. ಬೂಟ್ ಆಗುವಾಗ ಹರಿದು ಬರುವ ಸಂದೇಶಗಳಲ್ಲಿ ಹುಡುಕುವುದಕ್ಕೂ ಬೇಕಾದ ಸಾಲುಗಳನ್ನು ಪಕ್ಕದ ಫೈಲಿಗೆ ನಕಲಿಸಿಕೊಳ್ಳುವುದಕ್ಕೂ ಅನುಕೂಲವಾಗಲೆಂದು ಇದನ್ನೇ ಈಮ್ಯಾಕ್ಸ್ ಎಡಿಟರಿನ ಒಳಗೆ ಓಡಿಸಲು ಹೊರಟಾಗ ತೊಂದರೆ ಶುರುವಾಯಿತು.

ಮೊದಲು ‘ಎಂ-ಎಕ್ಸ್ ಶೆಲ್’ (ಈಮ್ಯಾಕ್ಸಿಗೆ ಹೆಸರು ಹೇಳಿ ಕಮಾಂಡ್ ಕೊಡುವ ಕೀಲಿ ‘ಎಂ-ಎಕ್ಸ್’) ಎಂದು ಕೊಟ್ಟು ತೆರೆದ ಬಫರಿನಲ್ಲಿ, ಅಂದರೆ ಈಮ್ಯಾಕ್ಸಿನ ಪಠ್ಯದ ಪುಟದಲ್ಲಿ, ಓಡಿಸಿದೆ. ‘ನೋ ಕರ್ಸರ್ ಮೋಷನ್ ಕೇಪಬಿಲಿಟಿ’ ಎಂದು ಹೇಳಿ ಮಿನಿಕಾಮ್ ನಿಂತುಹೋಯಿತು. ಆಮೇಲೆ ಈಮ್ಯಾಕ್ಸ್ ಒಳಗಿನ ಟರ್ಮಿನಲ್ ಆದ ‘ಎಂ-ಎಕ್ಸ್ ಆನ್ಸಿ-ಟರ್ಮ್’ನಲ್ಲಿ ಅದೇ ಕಮಾಂಡ್ ಕೊಟ್ಟರೆ ಟರ್ಮಿನಲ್ಲಿನ ವಿವರಣೆಯೇ ಸಿಗುತ್ತಿಲ್ಲವೆಂಬ ಬೇರೊಂದು ದೂರು ಬಂತು. ಸುಡೋ ಬಿಟ್ಟರೆ ಸರಿಹೋದೀತೆಂದು ನನ್ನ ಖಾತೆಯನ್ನು ಸೀರಿಯಲ್ ಪೋರ್ಟ್ ತೆರೆಯುವ ಅನುಮತಿಯಿರುವ ‘ಡಯಲ್‌ಔಟ್’ ಗುಂಪಿಗೆ ಸೇರಿಸಿದೆ. ಹೊಸ ಗುಂಪಿನೊಂದಿಗೆ ತೆರೆದ ಹೊರಗಿನ ಕಿಟಕಿಯಲ್ಲಿ ಈಗ ಸುಡೋ ಇಲ್ಲದೆಯೇ ಪೋರ್ಟ್ ತೆರೆಯುತ್ತದೆ, ಈಮ್ಯಾಕ್ಸ್ ಒಳಗೆ ಮಾತ್ರ ‘ಪರ್ಮಿಷನ್ ಡಿನೈಡ್’ ಎನ್ನುತ್ತದೆ. ನಾನು ಈಮ್ಯಾಕ್ಸನ್ನು ಡೀಮನ್ ಆಗಿ, ಅಂದರೆ ಸದಾ ಹಿನ್ನೆಲೆಯಲ್ಲಿ ಇರುವಂತೆ ಓಡಿಸುತ್ತೇನೆ. ಒಂದೇ ಕಂಪ್ಯೂಟರಿನಲ್ಲಿ, ಒಂದೇ ಖಾತೆಯಲ್ಲಿ ಈ ವ್ಯತ್ಯಾಸ ಏಕೆ?

ಮೊದಲ ಸದಸ್ಯರ ಉತ್ತರ

ನೀವು ಕಂಡಿರುವುದು ಒಂದೇ ದೋಷವಲ್ಲ, ಒಂದಕ್ಕೊಂದು ಸಂಬಂಧವಿಲ್ಲದ ಮೂರು ದೋಷಗಳು.

‘ಶೆಲ್’ ಬಫರ್ ನಿಜವಾದ ಟರ್ಮಿನಲ್ ಅಲ್ಲ. ಅಲ್ಲಿ ‘ಟರ್ಮ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ಲಿನ ಬೆಲೆ ‘ಡಂಬ್’ ಎಂದಿರುತ್ತದೆ. ಅಂದರೆ ಸಾಲಿನ ಕೆಳಗೆ ಸಾಲನ್ನು ಬರೆಯಬಲ್ಲದೇ ಹೊರತು ಕರ್ಸರನ್ನು ತೆರೆಯ ಯಾವುದೋ ಮೂಲೆಗೆ ಒಯ್ಯುವ ಶಕ್ತಿ ಅದಕ್ಕಿಲ್ಲ. ಮಿನಿಕಾಮ್ ತನ್ನ ಮೆನುಗಳನ್ನೂ ಕೆಳಗಿನ ಸ್ಥಿತಿಪಟ್ಟಿಯನ್ನೂ ತಾನೇ ಚಿತ್ರಿಸುವ ಪ್ರೋಗ್ರಾಂ ಆದ್ದರಿಂದ ಆ ಶಕ್ತಿಯಿಲ್ಲದ ಕಡೆ ಅದು ಶುರುವೇ ಆಗುವುದಿಲ್ಲ. ಆನ್ಸಿ-ಟರ್ಮ್‌ಗೆ ಬದಲಾಯಿಸಿದ್ದು ಸರಿಯಾದ ಹೆಜ್ಜೆ.

ಅಲ್ಲಿ ಬಂದ ಎರಡನೆಯ ದೂರಿಗೆ ಕಾರಣ ಸುಡೋ. ಆನ್ಸಿ-ಟರ್ಮ್ ತನ್ನ ಟರ್ಮಿನಲ್ ಬಗೆಯನ್ನು ‘ಈಟರ್ಮ್-ಕಲರ್’ ಎಂದು ಹೇಳಿಕೊಳ್ಳುತ್ತದೆ. ಅದರ ವಿವರಣೆಯ ಫೈಲು ಈಮ್ಯಾಕ್ಸಿನದೇ ಫೋಲ್ಡರಿನಲ್ಲಿ ಇರುವುದರಿಂದ ಅದು ಎಲ್ಲಿದೆ ಎಂಬುದನ್ನು ‘ಟರ್ಮ್‌ಇನ್ಫೋ’ ಎಂಬ ಇನ್ನೊಂದು ವೇರಿಯಬಲ್ ತಿಳಿಸುತ್ತದೆ. ಸುಡೋ ಭದ್ರತೆಯ ದೃಷ್ಟಿಯಿಂದ ಈ ಎರಡನೆಯದನ್ನು ಕಿತ್ತುಹಾಕುತ್ತದೆ, ಮೊದಲನೆಯದನ್ನು ಉಳಿಸುತ್ತದೆ. ಹೀಗಾಗಿ ಮಿನಿಕಾಮ್‌ಗೆ ಹೆಸರು ಗೊತ್ತು, ವಿಳಾಸ ಗೊತ್ತಿಲ್ಲ ಎಂಬ ಸ್ಥಿತಿ.

ಮೂರನೆಯದು ಡೀಮನ್ನಿನ ವಿಷಯ. ಲಿನಕ್ಸಿನಲ್ಲಿ ಒಂದು ಪ್ರಕ್ರಿಯೆ ಯಾವ ಗುಂಪುಗಳಿಗೆ ಸೇರಿದೆ ಎಂಬುದು ಅದು ಶುರುವಾಗುವಾಗಲೇ ನಿಶ್ಚಯವಾಗುತ್ತದೆ. ಅದರ ಮಕ್ಕಳೂ ಅದೇ ಪಟ್ಟಿಯನ್ನು ಪಡೆಯುತ್ತವೆ. ಗುಂಪಿಗೆ ಸೇರುವ ಮುನ್ನ ಎದ್ದ ಡೀಮನ್ನಿನಲ್ಲಿ ನೀವು ಎಷ್ಟು ಹೊಸ ಬಫರ್ ತೆರೆದರೂ ಅವುಗಳಿಗೆ ‘ಡಯಲ್‌ಔಟ್’ ಸಿಗುವುದಿಲ್ಲ. ಆನ್ಸಿ-ಟರ್ಮ್‌ನಲ್ಲಿ ಗುಂಪುಗಳನ್ನು ತೋರಿಸುವ ‘ಐಡಿ’ ಕಮಾಂಡ್ ಕೊಟ್ಟು ನೋಡಿ. ಗುಂಪಿನ ಹೆಸರು ಕಾಣದಿದ್ದರೆ ಡೀಮನ್ನನ್ನು ಪೂರ್ತಿ ನಿಲ್ಲಿಸಿ, ಲಾಗ್‌ಔಟ್ ಆಗಿ ಮತ್ತೆ ಒಳಬಂದು ಅದನ್ನು ಎಬ್ಬಿಸಿ. ಆರ್ಚ್ ಲಿನಕ್ಸ್ ಬಳಸುವವರು ಇದನ್ನು ಓದುತ್ತಿದ್ದರೆ, ಅಲ್ಲಿ ಈ ಗುಂಪಿನ ಹೆಸರು ‘ಯುಯುಸಿಪಿ’.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ‘ಐಡಿ’ಯಲ್ಲಿ ಗುಂಪು ಇರಲಿಲ್ಲ, ಡೀಮನ್ನನ್ನು ಮತ್ತೆ ಎಬ್ಬಿಸಿದ ಮೇಲೆ ಬಂತು. ಈಗ ‘ಮಿನಿಕಾಮ್’ ಹೆಸರಿನ ಮುಂದೆ ಪೋರ್ಟ್ ಮತ್ತು ವೇಗ ಎರಡನ್ನೇ ಕೊಟ್ಟು ಓಡಿಸುತ್ತಿದ್ದೇನೆ. ಬೂಟ್ ಸಂದೇಶಗಳು ಸ್ವಚ್ಛವಾಗಿ ಬರುತ್ತವೆ, ಲಾಗಿನ್ ಕೇಳುವ ಸಾಲೂ ಬರುತ್ತದೆ, ಆದರೆ ನಾನು ಏನು ಒತ್ತಿದರೂ ಬೋರ್ಡಿನಿಂದ ಪ್ರತಿಕ್ರಿಯೆಯಿಲ್ಲ. ಕಂಟ್ರೋಲ್-ಎ ಒತ್ತಿ ಜಡ್ ಒತ್ತಿದರೆ ಮಿನಿಕಾಮ್‌ನ ಸಹಾಯದ ಪುಟ ತೆರೆಯುತ್ತದೆ. ಕೀಲಿಗಳನ್ನು ಈಮ್ಯಾಕ್ಸ್ ನುಂಗುತ್ತಿದೆಯೇ?

ಮೊದಲ ಸದಸ್ಯರ ಉತ್ತರ

ಸಹಾಯದ ಪುಟ ತೆರೆಯುತ್ತದೆ ಎಂದ ಮೇಲೆ ಕೀಲಿಗಳು ಈಮ್ಯಾಕ್ಸನ್ನು ದಾಟಿ ಮಿನಿಕಾಮ್ ತನಕ ಬರುತ್ತಿವೆ ಎಂದಾಯಿತು. ತಡೆ ಅದರಿಂದ ಆಚೆಗಿದೆ. ಹೊರಗೆ ನೀವು ಕೊಡುತ್ತಿದ್ದುದು ‘ಬೋರ್ಡ್’ ಎಂಬ ಉಳಿಸಿಟ್ಟ ಸೆಟ್ಟಿಂಗ್, ಒಳಗೆ ಕೊಟ್ಟಿರುವುದು ಬರೀ ಪೋರ್ಟ್ ಮತ್ತು ವೇಗ. ಆಗ ಉಳಿದೆಲ್ಲವೂ ಮಿನಿಕಾಮ್‌ನ ಮೂಲ ಸೆಟ್ಟಿಂಗಿನಂತೆ ನಡೆಯುತ್ತದೆ. ಆ ಮೂಲ ಸೆಟ್ಟಿಂಗಿನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಚಾಲೂ ಇರುತ್ತದೆ. ಅದು ಚಾಲೂ ಇದ್ದಾಗ, ಎದುರಿನ ಸಾಧನ ಸಿಟಿಎಸ್ ತಂತಿಯ ಮೇಲೆ ‘ಕಳುಹಿಸಬಹುದು’ ಎಂಬ ಸೂಚನೆ ಕೊಡುವವರೆಗೂ ನಿಮ್ಮ ಕಡೆಯಿಂದ ಒಂದು ಬೈಟೂ ಹೊರಡುವುದಿಲ್ಲ. ನಿಮ್ಮಲ್ಲಿರುವುದು ಮೂರೇ ತಂತಿ, ಸಿಟಿಎಸ್ ಇಲ್ಲವೇ ಇಲ್ಲ. ಬರುವ ದಿಕ್ಕಿಗೆ ಈ ತಡೆ ಇಲ್ಲದ್ದರಿಂದ ಸಂದೇಶಗಳು ಕಾಣುತ್ತವೆ, ಕಳುಹಿಸುವುದು ಮಾತ್ರ ಆಗುವುದಿಲ್ಲ.

ಕಂಟ್ರೋಲ್-ಎ ಒತ್ತಿ ಓ ಒತ್ತಿ, ‘ಸೀರಿಯಲ್ ಪೋರ್ಟ್ ಸೆಟಪ್’ಗೆ ಹೋಗಿ ಎಫ್ ಒತ್ತಿದರೆ ಅದು ‘ನೋ’ ಆಗುತ್ತದೆ. ಇಲ್ಲವೇ ಹೊರಗೆ ಕೊಡುತ್ತಿದ್ದಂತೆ ‘ಮಿನಿಕಾಮ್ ಬೋರ್ಡ್’ ಎಂದೇ ಕೊಡಿ.

ಎರಡನೆಯ ಸದಸ್ಯರ ಉತ್ತರ

ಮೇಲಿನ ಎರಡೂ ಉತ್ತರಗಳು ಸರಿ. ಆದರೂ ಇಲ್ಲಿ ಮಿನಿಕಾಮ್ ಬೇಕೇ ಎಂದು ಕೇಳುತ್ತೇನೆ. ಬೋರ್ಡ್ ಕಳುಹಿಸಿದ ಕರ್ಸರ್ ಸಂಕೇತಗಳನ್ನು ಮಿನಿಕಾಮ್ ವಿಟಿ102 ಎಂಬ ಹಳೆಯ ಟರ್ಮಿನಲ್ಲಿನ ಸಂಕೇತಗಳೆಂದು ಅರ್ಥಮಾಡಿಕೊಂಡು ಈಟರ್ಮ್-ಕಲರ್‌ಗೆ ಬದಲಿಸಿ ಕೊಡುತ್ತದೆ, ಅದನ್ನು ಆನ್ಸಿ-ಟರ್ಮ್ ಮತ್ತೆ ಅರ್ಥಮಾಡಿಕೊಂಡು ಬಫರಿನಲ್ಲಿ ಬರೆಯುತ್ತದೆ. ಒಂದೇ ಮಾತಿಗೆ ಇಬ್ಬರು ದುಭಾಷಿಗಳು. ಅದಕ್ಕಿಂತ ಹೆಚ್ಚಾಗಿ, ನೀವು ಹುಡುಕಲು ಬಯಸುವ ಹಳೆಯ ಸಾಲುಗಳನ್ನು ಮಿನಿಕಾಮ್ ತನ್ನದೇ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಅವೆಲ್ಲವೂ ಬಫರಿನಲ್ಲಿ ಸುಲಿದಿಟ್ಟಂತೆ ಸಿಗುತ್ತವೆ ಎಂಬ ಭರವಸೆ ಇಲ್ಲ. ನೀವು ಎಡಿಟರಿನೊಳಗೆ ಬಂದದ್ದೇ ಆ ಸಾಲುಗಳಿಗಾಗಿ ಅಲ್ಲವೇ?

2009ರಲ್ಲಿ ಬಂದ 23ನೆಯ ಆವೃತ್ತಿಯಿಂದ ಈಮ್ಯಾಕ್ಸಿಗೆ ಸೀರಿಯಲ್ ಪೋರ್ಟನ್ನು ತಾನೇ ತೆರೆಯಲು ಬರುತ್ತದೆ. ‘ಎಂ-ಎಕ್ಸ್ ಸೀರಿಯಲ್-ಟರ್ಮ್’ ಎಂದು ಕೊಡಿ. ಅದು ಪೋರ್ಟಿನ ಹೆಸರು ಕೇಳುತ್ತದೆ, ನಂತರ ವೇಗ ಕೇಳುತ್ತದೆ, ಅಷ್ಟೇ. ಎಂಟು ಡೇಟಾ ಬಿಟ್, ಪ್ಯಾರಿಟಿ (ತಪ್ಪು ಪತ್ತೆಹಚ್ಚುವ ಬಿಟ್) ಇಲ್ಲ, ಒಂದು ಸ್ಟಾಪ್ ಬಿಟ್, ಫ್ಲೋ ಕಂಟ್ರೋಲ್ ಇಲ್ಲ ಎಂಬುದೇ ಅದರ ಮೂಲ ಸೆಟ್ಟಿಂಗ್ ಆದ್ದರಿಂದ ನಿಮ್ಮ ಮೂರು ತಂತಿಗೆ ಹೇಳಿ ಮಾಡಿಸಿದಂತಿದೆ. ವೇಗವೂ ಈ ಬಿಟ್‌ಗಳ ಲೆಕ್ಕವನ್ನು ಹೇಳುವ ‘8ಎನ್1’ ಎಂಬ ಗುರುತೂ ಬಫರಿನ ಕೆಳಗಿನ ಮೋಡ್ ಲೈನಿನಲ್ಲಿ ಕಾಣುತ್ತವೆ. ಅವುಗಳ ಮೇಲೆ ಮೌಸ್ ಒತ್ತಿ ಬದಲಾಯಿಸಬಹುದು.

ಸುಡೋ ಮತ್ತು ಟರ್ಮ್‌ಇನ್ಫೋ ಗೊಂದಲ ಇಲ್ಲಿ ಹುಟ್ಟುವುದೇ ಇಲ್ಲ. ಡಯಲ್‌ಔಟ್ ಗುಂಪು ಮಾತ್ರ ಬೇಕೇ ಬೇಕು, ಏಕೆಂದರೆ ಈಗ ಪೋರ್ಟ್ ತೆರೆಯುವುದು ಈಮ್ಯಾಕ್ಸೇ.

ಮೂರನೆಯ ಸದಸ್ಯರು

ವಿಮ್ ಎಂಬ ಇನ್ನೊಂದು ಎಡಿಟರ್ ಬಳಸುವವರಿಗಾಗಿ ಒಂದು ಮಾತು. 2018ರ 8.1ನೆಯ ಆವೃತ್ತಿಯಿಂದ ಅಲ್ಲಿಯೂ ‘ಟರ್ಮಿನಲ್’ ಕಮಾಂಡ್ ಇದೆ, ಆದರೆ ಪೋರ್ಟನ್ನು ತಾನೇ ತೆರೆಯುವ ಸೌಲಭ್ಯವಿಲ್ಲ. ಒಳಗೆ ಮಿನಿಕಾಮ್ ಅಥವಾ ಅಂಥದ್ದೇ ಪ್ರೋಗ್ರಾಂ ಆದ ಪಿಕೋಕಾಮ್ ಓಡಿಸಲೇಬೇಕು. ತನ್ನ ಮೆನುಗಳನ್ನು ಚಿತ್ರಿಸದ ಪಿಕೋಕಾಮ್ ಇಂಥ ಕಡೆ ಹೆಚ್ಚು ಸರಾಗ. ಕಂಟ್ರೋಲ್-ಡಬ್ಲ್ಯೂ ಅನ್ನು ವಿಮ್ ತನಗೇ ಇಟ್ಟುಕೊಳ್ಳುವುದರಿಂದ ಅದನ್ನು ಬೋರ್ಡಿಗೆ ಕಳುಹಿಸಲು ಅದರ ಹಿಂದೆಯೇ ಚುಕ್ಕೆಯ ಕೀಲಿ ಒತ್ತಬೇಕು.

ಪ್ರಶ್ನೆ ಕೇಳಿದವರು

ಸೀರಿಯಲ್-ಟರ್ಮ್ ಕೂಡಲೇ ಕೆಲಸ ಮಾಡಿತು, ಲಾಗಿನ್ ಕೂಡ ಆಯಿತು. ಉಳಿದದ್ದು ಎರಡು ಕಿರಿಕಿರಿ. ಹುಡುಕಲೆಂದು ಕಂಟ್ರೋಲ್-ಎಸ್ ಒತ್ತಿದರೆ ಹುಡುಕಾಟ ಶುರುವಾಗುವುದಿಲ್ಲ, ಬದಲಿಗೆ ಬೋರ್ಡ್ ಸ್ತಬ್ಧವಾಗುತ್ತದೆ. ಇನ್ನೊಂದು, ಉದ್ದನೆಯ ಕಮಾಂಡ್ ಬರೆದರೆ ಅದು ಕೆಳಗಿನ ಸಾಲಿಗೆ ಇಳಿಯದೆ ಅದೇ ಸಾಲಿನ ಮೇಲೆ ಮತ್ತೆ ಬರೆದುಕೊಳ್ಳುತ್ತದೆ.

ಎರಡನೆಯ ಸದಸ್ಯರ ಉತ್ತರ

ಸೀರಿಯಲ್-ಟರ್ಮ್ ತೆರೆದಾಗ ‘ಕ್ಯಾರೆಕ್ಟರ್ ಮೋಡ್’ನಲ್ಲಿ ಇರುತ್ತದೆ, ಕಂಟ್ರೋಲ್-ಸಿಯಿಂದ ಶುರುವಾಗುವಂಥವನ್ನು ಬಿಟ್ಟರೆ ಬಹುಪಾಲು ಕೀಲಿಗಳು ನೇರ ಬೋರ್ಡಿಗೇ ಹೋಗುತ್ತವೆ. ಕಂಟ್ರೋಲ್-ಎಸ್ ಅಂದರೆ ಅಲ್ಲಿನ ಟರ್ಮಿನಲ್ಲಿಗೆ ‘ಎಕ್ಸ್‌ಆಫ್’, ಕಳುಹಿಸುವುದನ್ನು ನಿಲ್ಲಿಸು ಎಂಬ ಸೂಚನೆ. ಬೋರ್ಡ್ ಹಾಳಾಗಿಲ್ಲ, ಕಂಟ್ರೋಲ್-ಕ್ಯೂ ಒತ್ತಿದರೆ ಮುಂದುವರಿಯುತ್ತದೆ. ಹುಡುಕುವ ಮೊದಲು ಕಂಟ್ರೋಲ್-ಸಿ ಕಂಟ್ರೋಲ್-ಜೆ ಒತ್ತಿ ‘ಲೈನ್ ಮೋಡ್’ಗೆ ಬನ್ನಿ. ಆಗ ಆ ಬಫರ್ ಮಾಮೂಲಿ ಬಫರಿನಂತೆ ನಡೆದುಕೊಳ್ಳುತ್ತದೆ. ಹುಡುಕಿ, ಗುರುತು ಹಾಕಿ, ನಕಲಿಸಿ, ಕಂಟ್ರೋಲ್-ಸಿ ಕಂಟ್ರೋಲ್-ಕೆ ಒತ್ತಿ ಹಿಂತಿರುಗಿ. ಬೋರ್ಡಿನಲ್ಲಿ ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸಲು ಕಂಟ್ರೋಲ್-ಸಿ ಕಳುಹಿಸಬೇಕಾದರೆ ಅದನ್ನು ಸತತವಾಗಿ ಎರಡು ಸಲ ಒತ್ತಿ.

ಸಾಲು ಮಡಚಿಕೊಳ್ಳುವುದಕ್ಕೆ ಕಾರಣ, ಕಿಟಕಿಯ ಅಗಲವನ್ನು ಆಚೆ ಬದಿಗೆ ತಿಳಿಸುವ ದಾರಿ ಸೀರಿಯಲ್ ತಂತಿಯಲ್ಲಿ ಇಲ್ಲ. ಜಾಲದ ಮೂಲಕ ಬೇರೆ ಕಂಪ್ಯೂಟರನ್ನು ಸೇರುವ ಎಸ್‌ಎಸ್‌ಎಚ್ ಆದರೆ ಅದನ್ನು ತಾನಾಗಿ ತಿಳಿಸುತ್ತದೆ. ಇಲ್ಲಿ ನಾವೇ ಹೇಳಬೇಕು. ಬೋರ್ಡಿನಲ್ಲಿ ‘ಎಸ್‌ಟಿಟಿವೈ ರೋಸ್ 40 ಕಾಲ್ಸ್ 120’ ಎಂದು ನಿಮ್ಮ ಕಿಟಕಿಯ ಅಳತೆಗೆ ತಕ್ಕಂತೆ ಕೊಡಿ. ಕಿಟಕಿಯನ್ನು ಒಡೆದು ಎರಡು ಮಾಡಿದರೆ ಮತ್ತೆ ಕೊಡಬೇಕು. ಅಲ್ಲಿನ ‘ಟರ್ಮ್’ ಬೆಲೆ ವಿಟಿ100 ಎಂದಿದ್ದರೆ ಹಾಗೇ ಇರಲಿ.

ಮೊದಲ ಸದಸ್ಯರ ಉತ್ತರ

ಕನ್ಸೋಲ್ ನೋಡುವುದಕ್ಕಷ್ಟೇ ಆದರೆ ನಾನೂ ಸೀರಿಯಲ್-ಟರ್ಮ್ ಎಂದೇ ಹೇಳುತ್ತೇನೆ. ಆದರೆ ಲಿನಕ್ಸನ್ನು ಎಬ್ಬಿಸುವ ಯು-ಬೂಟ್ ಎಂಬ ಪ್ರೋಗ್ರಾಮಿನಲ್ಲಿ ನಿಂತು ವೈಮೋಡೆಮ್ ಎಂಬ ಪದ್ಧತಿಯ ಮೂಲಕ ಫೈಲ್ ಕಳುಹಿಸುವ ಸಂದರ್ಭ ಬಂದರೆ ಸೀರಿಯಲ್-ಟರ್ಮ್‌ನಲ್ಲಿ ಆ ಸೌಲಭ್ಯ ಸಿದ್ಧವಾಗಿ ಇಲ್ಲ. ಮಿನಿಕಾಮ್‌ನಲ್ಲಿ ಕಂಟ್ರೋಲ್-ಎ ಎಸ್ ಒತ್ತಿದರೆ ಸಾಕು. ಆಗ ಮೊದಲು ಸೀರಿಯಲ್-ಟರ್ಮ್ ಬಫರನ್ನು ಮುಚ್ಚಿ, ನಂತರವೇ ಮಿನಿಕಾಮ್ ತೆರೆಯಿರಿ. ತಾಳ್ಮೆಯೂ ಇರಲಿ: 115200 ವೇಗದಲ್ಲಿ ಒಂದು ಬೈಟಿಗೆ ಸ್ಟಾರ್ಟ್ ಮತ್ತು ಸ್ಟಾಪ್ ಸೇರಿ ಹತ್ತು ಬಿಟ್ ಖರ್ಚಾಗುವುದರಿಂದ ಸೆಕೆಂಡಿಗೆ ಹೆಚ್ಚೆಂದರೆ 11520 ಬೈಟ್ ಹೋಗುತ್ತದೆ, ಒಂದು ಮೆಗಾಬೈಟಿಗೆ ಒಂದೂವರೆ ನಿಮಿಷ ಹಿಡಿಯುತ್ತದೆ.

ಪ್ರಶ್ನೆ ಕೇಳಿದವರು

ಎರಡೂ ಸರಿಹೋದವು. ಬೋರ್ಡನ್ನು ಬಹಳ ಹೊತ್ತು ಓಡಿಸಿದ ಮೇಲೆ ಬಫರಿನ ಮೇಲ್ತುದಿಗೆ ಹೋದರೆ ಮೊದಲಿನ ಬೂಟ್ ಸಂದೇಶಗಳು ಮಾಯವಾಗಿರುತ್ತವೆ. ಇದಕ್ಕೂ ಸೆಟ್ಟಿಂಗ್ ಇದೆಯೇ?

ಎರಡನೆಯ ಸದಸ್ಯರ ಉತ್ತರ

ಇದೆ. ‘ಟರ್ಮ್-ಬಫರ್-ಮ್ಯಾಕ್ಸಿಮಮ್-ಸೈಜ್’ ಎಂಬ ವೇರಿಯಬಲ್ ಹೇಳಿದಷ್ಟು ಸಾಲು ಮೀರಿದರೆ ಈಮ್ಯಾಕ್ಸ್ ಮೇಲಿನಿಂದ ಕತ್ತರಿಸುತ್ತಾ ಬರುತ್ತದೆ. ಅದನ್ನು 0 ಮಾಡಿದರೆ ಏನನ್ನೂ ಕತ್ತರಿಸುವುದಿಲ್ಲ. ದಿನಗಟ್ಟಲೆ ಬಿಟ್ಟರೆ ಬಫರ್ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಆಗಾಗ ಲೈನ್ ಮೋಡ್‌ಗೆ ಬಂದು ಬೇಕಾದಷ್ಟನ್ನು ಫೈಲಿಗೆ ಬರೆದಿಟ್ಟುಕೊಂಡು ಉಳಿದದ್ದನ್ನು ಅಳಿಸಿ.