ಹಳೆಯ ಪ್ರೀತಿ ಮರಳಿ ಸಿಗುವ ಕಾದಂಬರಿ ಬರೆಯುತ್ತಿದ್ದೇನೆ, ನಿಮ್ಮ ಅನುಭವ ಹೇಳಿ

ಕುಮಟಾದಿಂದ, ಕೇಳಿದವರು:

ನನ್ನ ಮೊದಲ ಕಾದಂಬರಿ ಅರ್ಧಕ್ಕೆ ಬಂದು ನಿಂತಿದೆ. ನಾಯಕ ಶಿರಸಿ ಕಡೆಯ ಹವ್ಯಕ ಬ್ರಾಹ್ಮಣರ ಮನೆಯ ಹುಡುಗ. ನಾಯಕಿ ಕಾರವಾರದವಳು, ಮನೆಯಲ್ಲಿ ಕೊಂಕಣಿ. ಧಾರವಾಡದಲ್ಲಿ ಓದುವಾಗ ಪ್ರೀತಿಸುತ್ತಾರೆ, 1999ರಲ್ಲಿ ಬೇರೆಯಾಗುತ್ತಾರೆ. 2014ರಲ್ಲಿ ಮತ್ತೆ ಎದುರಾಗುವಾಗ ಅವನು ದೊಡ್ಡ ಅಡಿಕೆ ವ್ಯಾಪಾರಿ, ಮದುವೆಯಾಗಿಲ್ಲ. ಅವಳ ಮದುವೆ ಮುರಿದಿದೆ, ಒಬ್ಬ ಮಗಳಿದ್ದಾಳೆ. ಓದಿದ ಗೆಳತಿಯರು ಮೂರು ಮಾತು ಹೇಳಿದರು. ಬೇರೆಯಾದ ಕಾರಣ ನಂಬುವ ಹಾಗಿಲ್ಲ (ಅವನ ತಾಯಿ ಪತ್ರ ಬಚ್ಚಿಡುತ್ತಾಳೆ). ವ್ಯಾಪಾರ ಅಂದರೆ ಬರೀ ಕಾರು, ಬಂಗಲೆ ಕಾಣುತ್ತದೆ. ಅವಳು ಬೇಗ ಕ್ಷಮಿಸಿಬಿಡುತ್ತಾಳೆ. ವ್ಯಾಪಾರ ಗೊತ್ತಿರುವವರು, ಕಾರವಾರದವರು, ಇಂಥದ್ದನ್ನು ಬದುಕಿನಲ್ಲಿ ಕಂಡವರು ದಯವಿಟ್ಟು ಹೇಳಿ.

ಶಿರಸಿಯಿಂದ, ಅಡಿಕೆ ಖರೀದಿಯ ಮನೆಯವರು:

ನಮಗೆ ತೋಟವೂ ಇದೆ, ಖರೀದಿಯೂ ಇದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ನಾಯಕನನ್ನು ಕಾರಿನಿಂದ ಇಳಿಸಿ ಟೆಂಡರ್ ನಡೆಯುವಲ್ಲಿಗೆ ಕರೆದುಕೊಂಡು ಬನ್ನಿ. 1923ರಲ್ಲೇ ತೋಟಗಾರರು ಸೇರಿ ತಮ್ಮದೇ ಸೇಲ್ ಸೊಸೈಟಿ ಕಟ್ಟಿಕೊಂಡ ಊರು ಇದು. ಇಲ್ಲಿನ ಬೆಳೆಗಾರ ವ್ಯಾಪಾರಿಯ ಎದುರು ಕೈಕಟ್ಟಿ ನಿಲ್ಲುವವನಲ್ಲ. ಚೀಲಗಳು ಬರುತ್ತವೆ. ಅಡಿಕೆಯ ಬಗೆಗಳಲ್ಲಿ ರಾಶಿ ಬೇರೆ, ಚಾಲಿ ಬೇರೆ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಲ್ಲ ಬೇರೆ ಬೇರೆ. ಖರೀದಿದಾರರು ಒಂದೊಂದು ಲಾಟನ್ನೂ ನೋಡುತ್ತಾರೆ. ಅಡಿಕೆ ಕೈಗೆ ತಗೊಂಡು, ಒಡೆದು, ಒಳಗಿನ ಬಣ್ಣ ನೋಡಿ ದರ ಬರೆದು ಕೊಡುತ್ತಾರೆ. ಜಾಸ್ತಿ ಬರೆದವರಿಗೆ ಮಾಲು. ಆದರೆ ದರ ಮನಸ್ಸಿಗೆ ಬಾರದಿದ್ದರೆ ಬೆಳೆಗಾರ ಕೊಡುವುದಿಲ್ಲ ಅನ್ನಬಹುದು. ಮಾಲು ಗೋದಾಮಿನಲ್ಲಿ ಉಳಿಯುತ್ತದೆ, ಇನ್ನೊಂದು ದಿನ ನೋಡೋಣ ಅಂತ ಅವನು ಊರಿನ ಬಸ್ಸು ಹತ್ತುತ್ತಾನೆ.

ಇದು ನಿಮ್ಮ ಕಥೆಗೆ ಬೇಕೇ ಬೇಕು. ನಾಯಕ ದಿನಾ ‘ಕೊಡುವುದಿಲ್ಲ’ ಕೇಳಿ ರೂಢಿಯಾದವನು. ಬೇಸರ ಮಾಡಿಕೊಳ್ಳದೆ ಮರುದಿನ ಮತ್ತೆ ಬರುವವನು. ಅಲ್ಲಿ ದರ ಏರಿಸಿದರೆ ಕೆಲಸ ಆಗುತ್ತದೆ. ಅವಳ ಹತ್ತಿರ ಆಗುವುದಿಲ್ಲ. ಅದು ಅವನಿಗೆ ತಿಳಿಯಲು ಹತ್ತು ಅಧ್ಯಾಯ ಹಿಡಿಯಲಿ ಬಿಡಿ.

ಇನ್ನೊಂದು ಮುಖ್ಯ. ಒಳ್ಳೆಯ ಮಾಲಿನ ಜೊತೆ ಹೊರಗಿನ ಅಗ್ಗದ ಅಡಿಕೆ ಬೆರೆಸಿ ಕಳಿಸುವ ಆಸೆ ಈ ವ್ಯಾಪಾರದಲ್ಲಿ ಯಾವಾಗಲೂ ಇರುತ್ತದೆ. ಒಂದು ಲಾರಿ ಲೋಡಿನಲ್ಲಿ ಎಷ್ಟೋ ಲಾಭ, ಕೇಳುವವರಿಲ್ಲ. ಸಾಲ ತಲೆಯ ಮೇಲಿರುವಾಗ ಅವನು ಅದನ್ನು ಮಾಡದೆ ನಷ್ಟ ಹೊರಲಿ. ಅವಳಿಗೆ ತೋರಿಸಲು ಅಲ್ಲ, ಅವಳಿಗೆ ಗೊತ್ತೇ ಆಗದ ಹಾಗೆ. ಬಹಳ ಆಮೇಲೆ ಲಾರಿ ಡ್ರೈವರೋ ಹಮಾಲರೋ ಮಾತಿಗೆ ಮಾತು ಬಂದು ಹೇಳಲಿ. ನನ್ನ ಪ್ರಕಾರ ಓದುಗರು ಅವನನ್ನು ನಂಬುವುದು ಅಲ್ಲಿ.

ನಿಮ್ಮ ಕಥೆಯ ಕಾಲವೂ ಚೆನ್ನಾಗಿದೆ. 2013ರ ಮೇ ಕೊನೆಗೆ ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಯಿತು. ಮುಂದೆ ಅಡಿಕೆಯ ಗತಿ ಏನು ಅಂತ ಮಂಡಿಯಲ್ಲಿ ಎಲ್ಲರಿಗೂ ಆತಂಕ. ಅವನ ರಾತ್ರಿಯ ನಿದ್ದೆ ಕೆಡಿಸುವುದು ಬರೀ ಹಳೆಯ ನೆನಪಲ್ಲ, ಇದೂ ಇರಲಿ.

ಕಾರವಾರದಿಂದ:

ಪತ್ರ ಬಚ್ಚಿಟ್ಟ ತಾಯಿ ಬೇಡ. ಪಾಪ, ಎಲ್ಲ ತಪ್ಪನ್ನೂ ಒಬ್ಬ ಹೆಂಗಸಿನ ತಲೆಗೆ ಕಟ್ಟಿದ ಹಾಗೆ ಆಗುತ್ತದೆ. ಪತ್ರ ತಲುಪದೇ ಇರಲು ನಮ್ಮೂರಿನಲ್ಲಿ ಇದಕ್ಕಿಂತ ದೊಡ್ಡ ಕಾರಣ ನಡೆದಿದೆ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ನೆಲೆ ಶುರುವಾದದ್ದು 2005ರಲ್ಲಿ. ಇವೆರಡರ ನಡುವೆ ಅರಗಾದಂಥ ಊರುಗಳ ಮನೆಗಳು ಖಾಲಿಯಾದವು. ತೆಂಗಿನ ಮರ, ಗದ್ದೆ, ದೋಣಿ ಎಳೆಯುವ ದಂಡೆ, ಮನೆದೇವರ ಕಟ್ಟೆ ಎಲ್ಲ ಬಿಟ್ಟು ಜನ ಪುನರ್ವಸತಿ ಕಾಲೊನಿಗಳಿಗೆ ಹೋದರು. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದರು.

ನಾಯಕಿಯ ಮನೆ ಅಂಥ ಊರಿನಲ್ಲಿತ್ತು ಅಂತ ಇಟ್ಟುಕೊಳ್ಳಿ. ಅವನು ಧಾರವಾಡದಿಂದ ಬರೆದ ಪತ್ರದ ಮೇಲಿನ ವಿಳಾಸದಲ್ಲಿ ಈಗ ಬೇಲಿ ಇದೆ, ಕಾವಲುಗಾರ ಇದ್ದಾನೆ. ಅಪ್ಪ ಕೆಲಸ ಕಳೆದುಕೊಂಡು ಕೂತಿದ್ದಾನೆ. ತಮ್ಮನ ಓದು ನಿಲ್ಲುವ ಹಾಗಿದೆ. ಅವಳೇ ದುಡಿಯಬೇಕು. ಆ ಹೊತ್ತಿಗೆ ಅವನು ಒಂದು ಸಲವಾದರೂ ಬಸ್ಸು ಹತ್ತಿ ಘಟ್ಟ ಇಳಿದು ಹುಡುಕಬಹುದಿತ್ತು. ಹುಡುಕಲಿಲ್ಲ. ಯಾಕೆ? ಮನೆಯಲ್ಲಿ ಜಾತಿಯ ಮಾತು ಬಂದಾಗ ಅವನಿಗೆ ಧೈರ್ಯ ಸಾಲಲಿಲ್ಲ, ಪತ್ರಕ್ಕೆ ಉತ್ತರ ಬಾರದ್ದು ಒಳಗೊಳಗೇ ಅವನಿಗೆ ಅನುಕೂಲವಾಯಿತು. ಇದನ್ನು ಅವನ ಬಾಯಿಂದಲೇ ಹೇಳಿಸಿ. ಜಾತಿಯನ್ನು ಮುಚ್ಚಿಟ್ಟು ಈ ಎರಡು ಮನೆಗಳ ಕಥೆ ಬರೆಯಲು ಆಗುವುದಿಲ್ಲ, ನಮ್ಮ ಜಿಲ್ಲೆಯಲ್ಲಂತೂ ಸಾಧ್ಯವೇ ಇಲ್ಲ.

ಅಂಕೋಲಾದಿಂದ:

ಮೇಲಿನ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಒಂದೇ ಸೇರಿಸುತ್ತೇನೆ. ಮಗಳನ್ನು ಅವರಿಬ್ಬರನ್ನು ಸೇರಿಸುವ ಸೇತುವೆ ಮಾಡಬೇಡಿ. ಹನ್ನೊಂದು ಹನ್ನೆರಡು ವರ್ಷದ ಹುಡುಗಿಗೆ ಅವಳದೇ ಸಿಟ್ಟು, ಅವಳದೇ ಶಾಲೆ, ಅವಳದೇ ಅಪ್ಪ ಇರುತ್ತಾನೆ.

ಕಾರವಾರದಿಂದ, ಆಸ್ಪತ್ರೆಯಲ್ಲಿ ಕೆಲಸ ಮಾಡುವವರು:

ನಾಯಕಿಗೆ ಏನು ಕೆಲಸ ಅಂತ ನೀವು ಹೇಳಿಲ್ಲ. ದಂತವೈದ್ಯೆ ಮಾಡಿ ನೋಡಿ. ಅಡಿಕೆ ಜಗಿದು ಜಗಿದು ಬಾಯಿಯ ಒಳಚರ್ಮ ಗಟ್ಟಿಯಾಗಿ, ಎರಡು ಬೆರಳು ಹೋಗುವಷ್ಟೂ ಬಾಯಿ ತೆರೆಯಲು ಆಗದ ಹುಡುಗರು ನಮ್ಮಲ್ಲಿಗೆ ಬರುತ್ತಾರೆ. ಅನ್ನಕ್ಕೆ ಖಾರ ತಾಗಿದರೆ ಕಣ್ಣಲ್ಲಿ ನೀರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ತಂಬಾಕು ಇಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಬೆಳೆಗಾರರ ಕಡೆಯವರು ಇದನ್ನು ಒಪ್ಪುವುದಿಲ್ಲ. ಅಡಿಕೆ ಬೇರೆ, ಗುಟ್ಕಾ ಬೇರೆ ಅನ್ನುತ್ತಾರೆ. ಅವರ ಮನೆ ನಡೆಯುವುದೇ ಅದರಲ್ಲಿ, ಹೇಳದೆ ಇರಲು ಹೇಗೆ ಸಾಧ್ಯ?

ಆಗ ಹಳೆಯ ನೋವಿನ ಜೊತೆಗೆ ಇವತ್ತಿನದೇ ಒಂದು ಜಗಳ ಹುಟ್ಟುತ್ತದೆ. ಅವಳು ಬೆಳಿಗ್ಗೆ ನೋಡುವ ರೋಗಿ, ಅವನು ಬೆಳಿಗ್ಗೆ ಕಳಿಸುವ ಲಾರಿ. ಇದು ತಪ್ಪು ತಿಳಿವಳಿಕೆ ಅಲ್ಲ, ಕೂತು ಮಾತಾಡಿದರೆ ಮುಗಿಯುವುದೂ ಅಲ್ಲ. ಇಬ್ಬರೂ ಸೋಲದೆ ಒಂದು ಮನೆಯಲ್ಲಿ ಇರುವುದು ಹೇಗೆ ಅಂತ ನೀವು ಯೋಚಿಸಲೇಬೇಕಾಗುತ್ತದೆ.

ಶಿರಸಿಯಿಂದ, ಮೊದಲು ಬರೆದವರು:

ಓದಿ ಸ್ವಲ್ಪ ನೋವಾಯಿತು, ಆದರೂ ಬರೆಯಿರಿ. ಮಳೆಗಾಲದಲ್ಲಿ ಕೊಳೆರೋಗ ಬಂದು ಮಿಡಿ ಅಡಿಕೆಯೆಲ್ಲ ಉದುರಿದಾಗ, ಜಾರುವ ಮರಕ್ಕೆ ಕೊನೆಗೌಡ (ಅಡಿಕೆ ಮರ ಹತ್ತುವ ಕೆಲಸಗಾರ) ಹತ್ತಿ ಬೋರ್ಡೋ ಔಷಧಿ ಹೊಡೆಯುವಾಗ, ಕೆಳಗೆ ನಿಂತವರ ಜೀವ ಬಾಯಿಗೆ ಬರುತ್ತದೆ. ಅದನ್ನೂ ಅವಳು ಒಮ್ಮೆ ಕಣ್ಣಾರೆ ನೋಡಲಿ. ನ್ಯಾಯ ಎರಡೂ ಕಡೆ ಇರಲಿ.

ಹೊನ್ನಾವರದಿಂದ:

ನಾನು ಇದನ್ನು ಬದುಕಿದವಳು. ಮೊದಲ ಮದುವೆ ಮುರಿದ ಮೇಲೆ, ಕಾಲೇಜಿನಲ್ಲಿ ಇಷ್ಟಪಟ್ಟಿದ್ದವರನ್ನೇ ಮದುವೆಯಾದೆ. ಅವರದು ಅಂಗಡಿ ವ್ಯಾಪಾರ, ದೊಡ್ಡದೇನಲ್ಲ.

ಕ್ಷಮೆ ಒಂದು ದೊಡ್ಡ ದೃಶ್ಯದಲ್ಲಿ ಬರುವುದಿಲ್ಲ. ನನಗೆ ಸಿಟ್ಟು ಇಳಿಯಿತು ಅಂದುಕೊಂಡ ಮೇಲೂ ಮತ್ತೆ ಮತ್ತೆ ಬರುತ್ತಿತ್ತು. ಅವರು ಫೋನ್ ಎತ್ತದಿದ್ದರೆ ಸಾಕು, ಹಳೆಯದೆಲ್ಲ ಎದುರಿಗೆ ಬಂದು ನಿಲ್ಲುತ್ತಿತ್ತು. ಅವರು ಮಾಡಿದ್ದು ಒಂದೇ. ಬರುತ್ತೇನೆ ಅಂದ ದಿನ ಬರುತ್ತಿದ್ದರು. ಮಳೆ ಇರಲಿ, ಅಂಗಡಿಯಲ್ಲಿ ಜನ ಇರಲಿ, ಬರುತ್ತಿದ್ದರು. ಉಡುಗೊರೆ ತಂದರೆ ನನಗೆ ಇನ್ನೂ ಸಿಟ್ಟು ಬರುತ್ತಿತ್ತು, ಅದು ಗೊತ್ತಾದ ಮೇಲೆ ಬರಿಗೈಯಲ್ಲಿ ಬಂದರು.

ಅಪ್ಪಯ್ಯ ಒಂದು ಕಾಲದಲ್ಲಿ ಅವರನ್ನು ಅಂಗಳದಿಂದಲೇ ಕಳಿಸಿದ್ದರು. ಎರಡನೇ ಸಲ ಬಂದಾಗಲೂ ಬಹಳ ತಿಂಗಳು ಮಾತಾಡಲಿಲ್ಲ. ಪೇಪರು ಓದುತ್ತಾ ಕೂತಿರುತ್ತಿದ್ದರು. ಒಂದು ಮಧ್ಯಾಹ್ನ ಪೇಪರಿನಿಂದ ತಲೆ ಎತ್ತದೆ, ‘ಬಿಸಿಲಲ್ಲಿ ಬಂದ್ಯಲಾ, ಆಸ್ರಿಗೆ ಎಂತಾ ಬೇಕು?’ ಅಂದರು, ಕುಡಿಯಲು ಏನು ಬೇಕು ಅಂತ. ನಾನು ಒಳಗೆ ಹೋಗಿ ಬೆಲ್ಲ ಹುಡುಕಿದೆ, ಕೈ ನಡುಗುತ್ತಿತ್ತು. ನಿಮ್ಮ ಕಥೆಯಲ್ಲೂ ದೊಡ್ಡವರು ಮನಸ್ಸು ಬದಲಿಸುವುದು ಭಾಷಣದಿಂದ ಬೇಡ.

ಯಲ್ಲಾಪುರದಿಂದ:

ಎದುರಾಗುವ ಜಾಗಕ್ಕೆ ಶಿರಸಿಯ ಮಾರಿಕಾಂಬಾ ಜಾತ್ರೆಯೇ ಸರಿ. ಎರಡು ವರ್ಷಕ್ಕೊಮ್ಮೆ ನಡೆಯುವುದು, 2014ರಲ್ಲೂ ಇತ್ತು. ಬಿಡಕಿಬೈಲಿನಲ್ಲಿ ಅಮ್ಮನ ಗದ್ದುಗೆ, ಸುತ್ತ ಬಳೆ ಅಂಗಡಿ, ತೊಟ್ಟಿಲು, ಊರು ಬಿಟ್ಟವರೆಲ್ಲ ವಾಪಸು ಬರುವ ದಿನಗಳು. ಮಗಳನ್ನು ಕರೆದುಕೊಂಡು ಅವಳು ಬರಲು ಕಾರಣ ಹುಡುಕುವುದೇ ಬೇಡ.

ಶಿರಸಿಯಿಂದ, ಮೊದಲು ಬರೆದವರು:

ಜಾತ್ರೆ ನಮ್ಮ ಪ್ರಾಣ, ಆದರೂ ಮೊದಲ ಭೇಟಿಗೆ ಬೇಡ ಅನ್ನಿಸುತ್ತದೆ. ಅಷ್ಟು ಗದ್ದಲದಲ್ಲಿ ಇಬ್ಬರೂ ತಪ್ಪಿಸಿಕೊಳ್ಳಬಹುದು. ತಪ್ಪಿಸಿಕೊಳ್ಳಲು ಆಗದ ಜಾಗ ಬೇಕು. ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ಮಳೆಗೆ ಮರ ಬಿದ್ದು ಬಸ್ಸು, ಕಾರು ಎಲ್ಲ ಸಾಲಾಗಿ ನಿಂತಿರಲಿ. ಮೊಬೈಲಿಗೆ ಸಿಗ್ನಲ್ ಸಿಗದ ತಿರುವು. ಜಾತ್ರೆಯನ್ನು ಆಮೇಲೆ ಇಟ್ಟುಕೊಳ್ಳಿ, ಇಬ್ಬರೂ ಊರವರ ಕಣ್ಣೆದುರು ಜೊತೆಯಲ್ಲಿ ನಡೆಯುವ ದಿನಕ್ಕೆ.

ಕುಮಟಾದಿಂದ, ಕೇಳಿದವರು:

ಎಲ್ಲರಿಗೂ ಮನಸಾರೆ ವಂದನೆ. ತಾಯಿ ಪತ್ರ ಬಚ್ಚಿಡುವ ಅಧ್ಯಾಯ ತೆಗೆದೆ. ನಾಯಕಿಯ ಮನೆ ಈಗ ಅರಗಾದಲ್ಲಿ, ಅವಳು ದಂತವೈದ್ಯೆ. ಘಟ್ಟದ ದೃಶ್ಯ ಬರೆಯಲು ಶುರು ಮಾಡಿದ್ದೇನೆ. ಹೊನ್ನಾವರದ ಅಕ್ಕ, ನಿಮ್ಮ ಮಾತು ಓದಿ ಕ್ಷಮೆಯ ಅಧ್ಯಾಯವನ್ನು ಪುಸ್ತಕದ ತುಂಬಾ ಹರಡುತ್ತಿದ್ದೇನೆ. ಇನ್ನೊಂದು ಕೇಳಲೇ? ಸೀಬರ್ಡ್‌ಗೆ ಮನೆ ಬಿಟ್ಟ ದಿನಗಳನ್ನು ಕಂಡವರ ಹತ್ತಿರ ಕೂತು ಕೇಳಬೇಕು ಅಂತಿದೆ. ಹೇಗೆ ಶುರು ಮಾಡಲಿ?

ಕಾರವಾರದಿಂದ:

ಮನೆ ಬಗ್ಗೆ ಮೊದಲೇ ಕೇಳಬೇಡಿ. ಅಂಗಳದಲ್ಲಿ ಯಾವ ಮರ ಇತ್ತು, ಬಾವಿ ನೀರು ಹೇಗಿತ್ತು ಅಂತ ಕೇಳಿ. ಮಾತು ತಾನಾಗಿ ಬರುತ್ತದೆ. ನಿಮ್ಮ ಹತ್ತಿರ ಸಮಯ ಇರುವ ದಿನವೇ ಹೋಗಿ, ನಡುವೆ ಎದ್ದು ಬರುವ ಹಾಗಿರಬಾರದು.