ಪದ ಬೇಕು, ಅರ್ಜೆಂಟು: ಕ್ವಿರಾಸ್‌ಗೆ ಕನ್ನಡದಲ್ಲಿ ಏನನ್ನೋಣ?

ನಾಳೆ ಬೆಳಿಗ್ಗೆ ಪುಟ ಅಚ್ಚಿಗೆ ಹೋಗುತ್ತದೆ, ಒಂದು ಪದ ಗಂಟಲಲ್ಲಿ ಸಿಕ್ಕಿಕೊಂಡಿದೆ. ಮಕ್ಕಳಿಗಾಗಿ ಯುರೋಪಿನ ಮೂವತ್ತು ವರ್ಷಗಳ ಯುದ್ಧದ (1618–1648) ಪುಸ್ತಕ. ಆಗಿನ ಕುದುರೆ ಸವಾರರು ಎದೆಗೊಂದು ಬೆನ್ನಿಗೊಂದು ಉಕ್ಕಿನ ಹಲಗೆ ಕಟ್ಟಿಕೊಳ್ಳುತ್ತಿದ್ದರಲ್ಲ, ಅದೇ ಕ್ವಿರಾಸ್. ಚಿತ್ರದಲ್ಲಿ ಎದೆಯ ಹಲಗೆ ಮೇಲೆ ಒಂದು ಸಣ್ಣ ತಗ್ಗು ಇದೆ. ಕಾಳಗದಲ್ಲಿ ಬಿದ್ದ ಏಟಲ್ಲ ಅದು. ಮಾಡಿದವರೇ ಪಿಸ್ತೂಲಿನಿಂದ ಹೊಡೆದು, ಗುಂಡು ತಡೆಯುತ್ತೆ ನೋಡಿ ಅಂತ ಗಿರಾಕಿಗೆ ತೋರಿಸಲು ಬಿಟ್ಟ ಗುರುತು. ನಾನು ಎದೆಗವಚ ಅಂತ ಬರೆದಿದ್ದೇನೆ. ನಡೆಯುತ್ತಾ?

ಉತ್ತರ 1:
ನಡೆಯಲ್ಲ. ಎದೆ ಕನ್ನಡ, ಕವಚ ಸಂಸ್ಕೃತ. ಹೀಗೆ ಬೆಸೆದರೆ ಅರಿಸಮಾಸ, ವ್ಯಾಕರಣ ಒಪ್ಪದ ಜೋಡಣೆ. ಮೂಲ ನೋಡಿ, ಫ್ರೆಂಚಿನಲ್ಲಿ ಕ್ವೀರ್ ಅಂದರೆ ತೊಗಲು, ಮೊದಲು ತೊಗಲಲ್ಲೇ ಮಾಡುತ್ತಿದ್ದರು. ತೊಗಲಂಗಿ ಅನ್ನಿ, ಮುಗೀತು. ಸವಾರ ಕೂಡ ಬೇಡ, ಪಾರ್ಸಿ ಮಾತು. ನಮ್ಮದೇ ರಾವುತ ಇಲ್ವಾ?

ಉತ್ತರ 2:
ರಾಜಪುತ್ರ ಸವೆದು ಸವೆದು ರಾವುತ ಆಗಿದ್ದು, ಸ್ವಾಮಿ. ಅರಿಸಮಾಸ ಬೇಡವಾದರೆ ಮಳೆಗಾಲಕ್ಕೆ ಏನಂತೀರಿ? ಮಳೆ ಕನ್ನಡ, ಕಾಲ ಸಂಸ್ಕೃತ, ಕಕಾರಕ್ಕೆ ಗಕಾರ ಬಂದಿದ್ದೂ ಥೇಟ್ ಎದೆಗವಚದ ಹಾಗೇ. ಆದರೂ ನನ್ನ ಓಟು ಜೋಡು ಪದಕ್ಕೆ. ನಡುಗನ್ನಡ ಕಾವ್ಯದಲ್ಲಿ ಜೋಡು ಅಂದರೆ ಕವಚ.

ಕೇಳಿದವರು:
ಎದೆಗೆ ಜೋಡು ಕಟ್ಟಿದ ಅಂತ ಬರೆದರೆ ಇಡೀ ತರಗತಿ ನಗುತ್ತದೆ, ಜೋಡು ಈಗ ಕಾಲಿನದು. ತೊಗಲಂಗಿಯಂತೂ ಆಗೋದೇ ಇಲ್ಲ. ಅದು ಬೇರೆಯದೇ ಉಡುಪು, ಅದೂ ಇದೇ ಪುಟದಲ್ಲಿದೆ. ಸ್ವೀಡನ್ ದೊರೆ ಗುಸ್ತಾವ್ ಅಡಾಲ್ಫ್‌ಗೆ 1627ರಲ್ಲಿ ಹೆಗಲ ಬಳಿ ಗುಂಡು ಬಿದ್ದು ಒಳಗೇ ಉಳಿದಿತ್ತು, ಉಕ್ಕು ತೊಟ್ಟರೆ ನೋವು. ಹಾಗಾಗಿ 1632ರಲ್ಲಿ ಲ್ಯುಟ್ಸೆನ್ ಕಾಳಗಕ್ಕೆ ಎಲ್ಕ್ ಅನ್ನೋ ದೊಡ್ಡ ಜಿಂಕೆಯ ತೊಗಲಿನ ಅಂಗಿಯಲ್ಲೇ ಹೋದ, ಅಲ್ಲೇ ಸತ್ತ. ಉಕ್ಕಿನದಕ್ಕೂ ತೊಗಲಂಗಿ ಅಂದುಬಿಟ್ಟರೆ ದೊರೆ ಯಾವುದನ್ನು ಬಿಟ್ಟು ಯಾವುದನ್ನು ತೊಟ್ಟು ಹೋದ ಅಂತ ಮಗುವಿಗೆ ಹೇಗೆ ತಿಳಿಯಬೇಕು?

ಉತ್ತರ 1:
ಬೇರು ಬಿಟ್ಟು ಮಕ್ಕಳ ನಗು ನೋಡ್ತಾ ಕೂತರೆ ಕನ್ನಡ ಉಳಿದ ಹಾಗೇ. ಸುಮ್ನೆ ಇಂಗ್ಲಿಷ್ ಪದವನ್ನೇ ಇಟ್ಟುಕೊಳ್ಳಿ, ಈಗ ಎಲ್ಲರೂ ಮಾಡೋದು ಅದೇ ತಾನೆ.

ಕೇಳಿದವರು:
ಬೇರು ನೋಡಿದರೆ ಎಣ್ಣೆ ಅಂದರೆ ಎಳ್ಳಿನ ನೆಯ್, ಅಂದರೆ ಎಳ್ಳಿನ ಜಿಡ್ಡು. ಕೊಬ್ಬರಿ ಎಣ್ಣೆ ಅನ್ನೋದು ಬಿಟ್ಟಿದ್ದೀರಾ? ಎದೆಗವಚ ಅಂತಲೇ ಕಳಿಸುತ್ತೇನೆ. ಹಿಂದಿನ ಹಲಗೆ ಬೆನ್ಗವಚವೋ ಬೆನ್ನುಗವಚವೋ, ರಾತ್ರಿ 10ರೊಳಗೆ ಯಾರಾದರೂ ಅಷ್ಟು ಹೇಳಿ.